ಹೆಸರು ಅಳಿಸದೆ ಜೊತೆಗಿದ್ದವರು

ಕೆಲವು ವರ್ಷಗಳ ಹಿಂದೆ ದೆಹಲಿಗೆ ಹೋಗಿದ್ದಾಗ ಓಖ್ಲಾದಲ್ಲಿರುವ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ವಿಶ್ವವಿದ್ಯಾಲಯದ ಕಬರಸ್ತಾನಕ್ಕೆ ಹೋದೆ. ಹೋದದ್ದು ಖುರ್ರತುಲ್‌ಐನ್ ಹೈದರ್ ಅವರ ಕಬರ್ ನೋಡಲು. ಉರ್ದುವಿನಲ್ಲಿ ಕಥೆ ಬರೆಯುವವರಿಗೂ, ನನ್ನಂತೆ ಉರ್ದು ಶಾಲೆಯಲ್ಲಿ ಓದಿ ಕನ್ನಡದಲ್ಲಿ ಬರೆಯುವವರಿಗೂ ಐನಿ ಆಪಾ ಎಂದರೆ ಮನೆಯ ಹಿರಿಯಕ್ಕ ಇದ್ದ ಹಾಗೆ. 2007ರಲ್ಲಿ ತೀರಿಕೊಂಡ ಅವರನ್ನು ಅಲ್ಲಿಯೇ ದಫನ್ ಮಾಡಲಾಗಿದೆ. ಫಾತಿಹಾ ಓದಿ ಹೊರಡುವಾಗ ಜೊತೆಗಿದ್ದ ಗೆಳೆಯ, "ಇಲ್ಲಿ ಇನ್ನೊಬ್ಬ ಆಪಾ ಇದ್ದಾರೆ, ಜರ್ಮನಿಯವರು" ಎಂದ. ಅವರ ಹೆಸರು ಗರ್ಡಾ ಫಿಲಿಪ್ಸ್‌ಬೋರ್ನ್. ಜರ್ಮನಿಯ ಒಂದು ಶ್ರೀಮಂತ ಯಹೂದಿ ಮನೆತನದಲ್ಲಿ ಹುಟ್ಟಿದವರು. ಮೌಲ್ವಿಗಳು, ಪ್ರೊಫೆಸರುಗಳು, ಜವಾನರು ಮಲಗಿರುವ ಆ ಮಣ್ಣಿನಲ್ಲಿ ಆಕೆಯೂ ಮಲಗಿದ್ದಾರೆ.

ಮಸೀದಿಯೊಂದರಲ್ಲಿ ಆರಂಭವಾದ, ಹೆಸರಿನಲ್ಲೇ 'ಇಸ್ಲಾಮಿಯಾ' ಇರುವ ವಿದ್ಯಾಸಂಸ್ಥೆಯೊಂದು ಬರ್ಲಿನ್ನಿನ ಯಹೂದಿ ಹೆಣ್ಣುಮಗಳಿಗೆ ಹೇಗೆ ತವರಾಯಿತು? ಊರಿಗೆ ಮರಳಿದ ಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದನ್ನು ಹಿಡಿದು ಓದುತ್ತಾ ಹೋದಾಗ ಸಿಕ್ಕ ಸಂಗತಿಗಳನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಕ್ಯಾಂಪಸ್ಸುಗಳಲ್ಲಿ ವೈವಿಧ್ಯ, ಪರಸ್ಪರ ಗೌರವ ಎಂಬ ಮಾತುಗಳು ಇತ್ತೀಚೆಗೆ ಸುತ್ತೋಲೆಗಳಲ್ಲಿ ಬರುತ್ತವೆ. ಅವೇ ಮಾತುಗಳು ಒಂದು ಕಾಲದಲ್ಲಿ ಕೆಲವರ ಸಂಬಳದಲ್ಲಿ, ಊಟದಲ್ಲಿ, ನಿದ್ದೆಯಿಲ್ಲದ ರಾತ್ರಿಗಳಲ್ಲಿ ಹೇಗಿದ್ದವು ಎಂಬುದು ಜಾಮಿಯಾದ ಚರಿತ್ರೆಯಲ್ಲಿದೆ.

1920ರ ಅಕ್ಟೋಬರ್ ತಿಂಗಳು. ಖಿಲಾಫತ್ ಮತ್ತು ಅಸಹಕಾರ ಚಳವಳಿಗಳು ಕೈಕೈ ಹಿಡಿದು ನಡೆಯುತ್ತಿದ್ದ ದಿನಗಳು. ಗಾಂಧೀಜಿ ಮತ್ತು ಅಲಿ ಸಹೋದರರು ಅಲೀಗಢದ ಎಂ.ಎ.ಓ. ಕಾಲೇಜಿಗೆ ಬಂದು, ಬ್ರಿಟಿಷ್ ಸರ್ಕಾರದ ನೆರವಿನಲ್ಲಿ ನಡೆಯುವ ಸಂಸ್ಥೆಯನ್ನು ಬಿಟ್ಟು ಹೊರಬನ್ನಿ ಎಂದು ವಿದ್ಯಾರ್ಥಿಗಳನ್ನು ಕರೆದರು. ಕಾಲೇಜಿನ ಆಡಳಿತ ಒಪ್ಪಲಿಲ್ಲ. ಆದರೆ ಒಂದಷ್ಟು ವಿದ್ಯಾರ್ಥಿಗಳು, ಕೆಲವು ಅಧ್ಯಾಪಕರು ಹೊರಬಂದರು. ಅಕ್ಟೋಬರ್ 29ರಂದು ಅದೇ ಕಾಲೇಜಿನ ಮಸೀದಿಯಲ್ಲಿ ಜಾಮಿಯಾದ ಸ್ಥಾಪನೆಯಾಯಿತು. ಅಧ್ಯಕ್ಷತೆ ವಹಿಸಿದ್ದು ದೇವಬಂದಿನ ಮೌಲಾನಾ ಮಹಮೂದ್ ಹಸನ್. ಮಾಲ್ಟಾದ ಸೆರೆಯಿಂದ ಆ ವರ್ಷವಷ್ಟೇ ಬಿಡುಗಡೆಯಾಗಿ ಬಂದಿದ್ದರು. ಮಾತನಾಡುವ ಶಕ್ತಿಯಿಲ್ಲದ್ದರಿಂದ ಅವರ ಭಾಷಣವನ್ನು ಶಿಷ್ಯರೊಬ್ಬರು ಓದಿದರು. ಮುಂದಿನ ತಿಂಗಳು 30ರಂದು ಅವರು ತೀರಿಕೊಂಡರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಲೀಗಢ ಎಂದರೆ ಇಂಗ್ಲಿಷ್ ವಿದ್ಯೆ, ಕೋಟು-ಟೋಪಿ. ದೇವಬಂದ್ ಎಂದರೆ ಹದೀಸ್, ಫಿಕ್ಹ್, ಚಾಪೆಯ ಮೇಲಿನ ಪಾಠ. ಎರಡೂ ಕಡೆಯವರು ಹಲವು ದಶಕಗಳಿಂದ ಒಬ್ಬರ ಮುಖ ಒಬ್ಬರು ನೋಡದಂತಿದ್ದರು. ಆಕ್ಸ್‌ಫರ್ಡಿನಲ್ಲಿ ಓದಿದ ಮೌಲಾನಾ ಮಹಮ್ಮದ್ ಅಲಿ ಮೊದಲ ಕುಲಪತಿ, ಯುನಾನಿ ವೈದ್ಯ ಹಕೀಮ್ ಅಜ್ಮಲ್ ಖಾನ್ ಮೊದಲ ಕುಲಾಧಿಪತಿ, ಸ್ಥಾಪನೆಯ ಅಧ್ಯಕ್ಷತೆ ದೇವಬಂದಿನ ಆಲಿಮರದು. ವೈವಿಧ್ಯ ಎಂದಾಗ ನಾವು ಹಿಂದೂ-ಮುಸ್ಲಿಂ-ಕ್ರೈಸ್ತ ಎಂದಷ್ಟೇ ಲೆಕ್ಕ ಹಾಕುತ್ತೇವೆ. ತಮ್ಮದೇ ಮನೆಯೊಳಗಿನ ಬೇರೆಯವನೊಡನೆ ಒಂದು ಸಫ್‌ನಲ್ಲಿ ಕೂರುವುದು ಎಷ್ಟೋ ಸಲ ಅದಕ್ಕಿಂತ ಕಷ್ಟ. ನಮ್ಮ ಊರಿನ ಎರಡು ಮಸೀದಿಗಳ ಜಗಳ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗುಡಾರಗಳಲ್ಲಿ, ಬಾಡಿಗೆ ಮನೆಗಳಲ್ಲಿ ಪಾಠ ಶುರುವಾಯಿತು. 1922ರಲ್ಲಿ ಅಸಹಕಾರ ನಿಂತಿತು. 1924ರಲ್ಲಿ ತುರ್ಕರೇ ಖಿಲಾಫತ್ತನ್ನು ರದ್ದುಗೊಳಿಸಿದರು. ಚಂದಾ ಬರುವ ದಾರಿ ಮುಚ್ಚಿತು, ಜಾಮಿಯಾವನ್ನು ಮುಚ್ಚಿಬಿಡೋಣ ಎಂಬ ಮಾತು ಬಂತು. ಹಕೀಮ್ ಸಾಹೇಬರು ಮತ್ತು ಡಾ. ಅನ್ಸಾರಿ ಒಪ್ಪಲಿಲ್ಲ. ಭಿಕ್ಷೆ ಎತ್ತಿಯಾದರೂ ನಡೆಸೋಣ ಎಂದು ಗಾಂಧೀಜಿ ಧೈರ್ಯ ತುಂಬಿದರು. 1925ರಲ್ಲಿ ಸಂಸ್ಥೆ ದೆಹಲಿಯ ಕರೋಲ್ ಬಾಗ್‌ಗೆ ಬಂತು.

ಈ ಕಾಲದ ಒಂದು ಪ್ರಸಂಗವನ್ನು ಜಾಮಿಯಾದ ಹಿರಿಯರು ಹೇಳುತ್ತಾ ಬಂದಿದ್ದಾರೆ. ಹೆಸರಿನಲ್ಲಿರುವ 'ಇಸ್ಲಾಮಿಯಾ' ಎಂಬುದನ್ನು ತೆಗೆದರೆ ಮುಸ್ಲಿಮೇತರ ಶ್ರೀಮಂತರಿಂದ ಹಣ ಕೂಡಿಸುವುದು ಸುಲಭವಾಗುತ್ತದೆ ಎಂದು ಯಾರೋ ಹಿತೈಷಿಗಳು ಸಲಹೆ ಕೊಟ್ಟರಂತೆ. ಆ ಪದ ಹೋದರೆ ಈ ಸಂಸ್ಥೆಯಲ್ಲಿ ನನಗೆ ಆಸಕ್ತಿಯೇ ಇರುವುದಿಲ್ಲ ಎಂದರಂತೆ ಗಾಂಧೀಜಿ. ಹೆಸರು ಉಳಿಯಿತು. ಆ ಹೆಸರಿನ ಸಂಸ್ಥೆಗೇ ಅವರು ತಮ್ಮ ಮಗ ದೇವದಾಸನನ್ನು ಪಾಠ ಹೇಳಲು ಕಳಿಸಿದರು. ಹರಿಲಾಲರ ಮಗ, ಗಾಂಧೀಜಿಯ ಮೊಮ್ಮಗ ರಸಿಕ್ ಕೂಡ ಅಲ್ಲಿದ್ದ. 1929ರ ಫೆಬ್ರವರಿಯಲ್ಲಿ ಆ ಹುಡುಗ ಜ್ವರದಿಂದ ದೆಹಲಿಯಲ್ಲೇ ತೀರಿಕೊಂಡ. ಅವನಿಗೆ ಚಿಕಿತ್ಸೆ ಮಾಡಿದವರು ಡಾ. ಅನ್ಸಾರಿ.

ಹೆಸರಿನ ಈ ಪ್ರಸಂಗವನ್ನು ಓದುವಾಗಲೆಲ್ಲ ನನಗೆ 2022ರ ನಮ್ಮ ಕರ್ನಾಟಕ ನೆನಪಾಗುತ್ತದೆ. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜೊಂದರಲ್ಲಿ ಆರಂಭವಾದ ಹಿಜಾಬ್ ವಿವಾದ ಆ ಫೆಬ್ರವರಿಯಲ್ಲಿ ರಾಜ್ಯದ ಕಾಲೇಜು ಗೇಟುಗಳಿಗೆಲ್ಲ ಹರಡಿತು. ಒಂದು ಕಡೆ ಹಿಜಾಬ್, ಇನ್ನೊಂದು ಕಡೆ ಕೇಸರಿ ಶಾಲು. ಮಾರ್ಚ್ 15ರಂದು ಹೈಕೋರ್ಟು ಸಮವಸ್ತ್ರದ ಪರ ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಬರಲಿಲ್ಲ. ನನ್ನ ಅಕ್ಕನ ಮಗಳು ಆಗ ಬೇರೊಂದು ಊರಿನ ಕಾಲೇಜಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಒಂದು ದಿನ ಫೋನು ಮಾಡಿ, "ಮಾಮೂ, ಎರಡು ವರ್ಷ ಒಂದೇ ಬೆಂಚಿನಲ್ಲಿ ನನ್ನ ಪಕ್ಕ ಕೂತವಳು ಇವತ್ತು ಶಾಲು ಹಾಕ್ಕೊಂಡು ಬಂದಿದ್ದಳು. ನನ್ನ ನೋಡಿ ತಲೆ ತಗ್ಗಿಸಿದಳು" ಎಂದಳು. ಗೇಟಿನ ಹೊರಗೆ ನಿಂತದ್ದರ ಬಗ್ಗೆ ಅವಳು ಏನೂ ಹೇಳಲಿಲ್ಲ. ಆ ತಲೆ ತಗ್ಗಿಸಿದ್ದೇ ಅವಳಿಗೆ ಹೆಚ್ಚು ನೋವು ಕೊಟ್ಟಿತ್ತು. ಕಾಯ್ದೆಯ ವಿಚಾರ ನ್ಯಾಯಾಲಯಕ್ಕಿರಲಿ. ಎಲ್ಲರನ್ನೂ ಒಂದೇ ಬಣ್ಣಕ್ಕೆ ತಂದರೆ ಸಮಾನತೆ ಬರುತ್ತದೆ ಎಂಬ ವಾದವನ್ನು ಆಗ ಬಹಳ ಕೇಳಿದೆವು. ಹೆಸರಿನಿಂದ ಒಂದು ಪದ ತೆಗೆದರೆ ಎಲ್ಲರೂ ಹತ್ತಿರ ಬರುತ್ತಾರೆ ಎಂದವರದೂ ಇದೇ ವಾದ. ಗಾಂಧೀಜಿ ಅದನ್ನು ನೂರು ವರ್ಷದ ಹಿಂದೆಯೇ ಒಪ್ಪಿರಲಿಲ್ಲ.

ಮತ್ತೆ ಕರೋಲ್ ಬಾಗ್‌ಗೆ ಬರೋಣ. 1926ರಲ್ಲಿ ಬರ್ಲಿನ್ನಿನಿಂದ ಮೂವರು ಯುವಕರು ಬಂದು ಜಾಮಿಯಾ ಸೇರಿದರು. ಜಾಕಿರ್ ಹುಸೇನ್, ಮುಹಮ್ಮದ್ ಮುಜೀಬ್, ಆಬಿದ್ ಹುಸೇನ್. ಜಾಕಿರ್ ಸಾಹೇಬರಿಗೆ ಆಗ 29 ವರ್ಷ, ಕುಲಪತಿಯ ಹೊಣೆ ಅವರ ತಲೆಗೆ ಬಂತು. ಬರ್ಲಿನ್ನಿನಲ್ಲಿದ್ದಾಗ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುವುದರ ಜೊತೆಗೆ ಕಾವಿಯಾನಿ ಮುದ್ರಣಾಲಯದಲ್ಲಿ ಗಾಲಿಬನ ದೀವಾನನ್ನು ಅಂದವಾಗಿ ಅಚ್ಚು ಹಾಕಿಸಿದ ಮನುಷ್ಯ ಇವರು. 1927ರ ಕೊನೆಗೆ ಹಕೀಮ್ ಸಾಹೇಬರೂ ತೀರಿಹೋದರು. ಸಾಲ ಮಾತ್ರ ಉಳಿಯಿತು. 1928ರಲ್ಲಿ ಜಾಕಿರ್ ಹುಸೇನ್ ಮತ್ತು ಸಂಗಡಿಗರು 'ಅಂಜುಮನ್-ಎ-ತಾಲೀಮ್-ಎ-ಮಿಲ್ಲಿ' ಎಂಬ ಸಂಘ ಕಟ್ಟಿಕೊಂಡು, ಇಪ್ಪತ್ತು ವರ್ಷ ಜಾಮಿಯಾ ಬಿಡುವುದಿಲ್ಲ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. 150 ಎಂದದ್ದು ಕಾಗದದಲ್ಲಿ. ಕೈಗೆ ಬರುತ್ತಿದ್ದದ್ದು ಅದಕ್ಕಿಂತ ಬಹಳ ಕಡಿಮೆ, ಅದೂ ತಿಂಗಳು ತಿಂಗಳು ಬರುತ್ತಿರಲಿಲ್ಲ.

ಜಾಕಿರ್ ಹುಸೇನ್ ಎಂದರೆ ನನಗೆ ಮೊದಲು ನೆನಪಾಗುವುದು ರಾಷ್ಟ್ರಪತಿಯಲ್ಲ. ನಮ್ಮ ಉರ್ದು ಪ್ರೈಮರಿ ಶಾಲೆಯಲ್ಲಿ ಉಸ್ತಾದರು ಹೇಳಿದ 'ಅಬ್ಬೂ ಖಾನ್ ಕೀ ಬಕರಿ' ಕಥೆ. ಹಗ್ಗ ಬಿಡಿಸಿಕೊಂಡು ಬೆಟ್ಟಕ್ಕೆ ಓಡಿಹೋಗಿ, ಇಡೀ ರಾತ್ರಿ ತೋಳದ ಜೊತೆ ಹೋರಾಡಿ ಸಾಯುವ ಚಾಂದನಿ ಎಂಬ ಮೇಕೆಯ ಕಥೆ. ಕೇಳುತ್ತಾ ನಾವೆಲ್ಲ ಅತ್ತಿದ್ದೆವು. ಅದನ್ನು ಅವರು ರುಕೈಯಾ ರೆಹಾನಾ ಎಂಬ ಹೆಸರಿನಲ್ಲಿ ಬರೆದರು ಎಂಬುದು ಬಹಳ ಕಾಲದ ಮೇಲೆ ನನಗೆ ತಿಳಿಯಿತು. ಅದು ತೀರಿಹೋದ ಅವರ ಪುಟ್ಟ ಮಗಳ ಹೆಸರು. ಜಾಮಿಯಾದ ಶಾಲೆಯಲ್ಲಿ ಮಕ್ಕಳಿಗೆ ಸಿಹಿ ಹಂಚುತ್ತಿದ್ದಾಗ ಆ ಮಗುವಿನ ಸಾವಿನ ಸುದ್ದಿ ಅವರ ಕಿವಿಗೆ ಬಿತ್ತು. ಅವರು ಹಂಚುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಯಾರೋ ಕೇಳಿದಾಗ, ಮಕ್ಕಳು ಅಷ್ಟು ಸಂತೋಷದಲ್ಲಿದ್ದರು, ಕೆಡಿಸಲು ಮನಸ್ಸು ಬರಲಿಲ್ಲ ಎಂದರಂತೆ. ಇನ್ನೊಂದು ಕಥೆಯೂ ಪ್ರಚಾರದಲ್ಲಿದೆ. ಬೂಟು ಪಾಲಿಶ್ ಮಾಡಿಕೊಂಡು ಬನ್ನಿ ಎಂದು ಎಷ್ಟು ಹೇಳಿದರೂ ಹುಡುಗರು ಕೇಳಲಿಲ್ಲವಂತೆ. ಒಂದು ಬೆಳಿಗ್ಗೆ ಕುಲಪತಿಗಳೇ ಬ್ರಶ್ಶು, ಪಾಲಿಶ್ ಡಬ್ಬಿ ಹಿಡಿದು ಗೇಟಿನಲ್ಲಿ ಕೂತು, ಕೊಳೆಯಾದ ಬೂಟಿನವರನ್ನು ಕರೆದು ಪಾಲಿಶ್ ಮಾಡತೊಡಗಿದರಂತೆ. ಇಂಥ ಕಥೆಗಳಿಗೆ ಬಾಯಿಂದ ಬಾಯಿಗೆ ಬಣ್ಣ ಸೇರುತ್ತದೆ ಎಂಬುದು ಕಥೆಗಾರನಾದ ನನಗೆ ಗೊತ್ತು. ಆದರೆ ಒಬ್ಬ ಕುಲಪತಿಯ ಬಗ್ಗೆ ಯಾವ ಬಗೆಯ ಕಥೆ ಹುಟ್ಟುತ್ತದೆ ಎಂಬುದೂ ಚರಿತ್ರೆಗೆ ಸೇರಿದ್ದೇ.

ಜಾಮಿಯಾದ ಪುಟ್ಟ ಮಕ್ಕಳು ತಮ್ಮದೇ ಅಂಗಡಿ, ತಮ್ಮದೇ ಬ್ಯಾಂಕು ನಡೆಸುತ್ತಿದ್ದರು. ಕೈಕೆಲಸದ ಮೂಲಕ ಕಲಿಸುವ ಈ ಅನುಭವವಿದ್ದುದರಿಂದಲೇ 1937ರಲ್ಲಿ ವಾರ್ಧಾ ಶಿಕ್ಷಣ ಸಮಿತಿಗೆ ಜಾಕಿರ್ ಹುಸೇನರನ್ನು ಅಧ್ಯಕ್ಷರನ್ನಾಗಿ ಮಾಡಿದರು. ನಮ್ಮ ಹಿರಿಯರಲ್ಲಿ ಕೆಲವರು ಮೂಲಶಿಕ್ಷಣ ಶಾಲೆಯಲ್ಲಿ ತಕಲಿ ತಿರುಗಿಸಿದ್ದು ನೆನಪಿಟ್ಟಿರಬಹುದು. ಅದರ ಬೇರು ಇಲ್ಲಿದೆ. 1935ರ ಮಾರ್ಚ್ 1ರಂದು ಓಖ್ಲಾದ ಬಯಲಿನಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕುವಾಗ ಮಂತ್ರಿ, ನವಾಬರನ್ನು ಕರೆಯಲಿಲ್ಲ. ಶಾಲೆಯ ಅತಿ ಕಿರಿಯ ವಿದ್ಯಾರ್ಥಿ ಅಬ್ದುಲ್ ಅಜೀಜನ ಕೈಯಿಂದ ಕಲ್ಲು ಇಡಿಸಿದರು. ಅದೇ ವರ್ಷ ಪ್ರೇಮಚಂದರು ಜಾಮಿಯಾಕ್ಕೆ ಬಂದಿದ್ದರು. ಅವರ 'ಕಫನ್' ಕಥೆ ಮೊದಲು ಅಚ್ಚಾದದ್ದು ಆ ಡಿಸೆಂಬರಿನ 'ಜಾಮಿಯಾ' ಎಂಬ ಉರ್ದು ಪತ್ರಿಕೆಯಲ್ಲಿ. ಹಸಿವು ಮನುಷ್ಯರನ್ನು ಏನು ಮಾಡುತ್ತದೆ ಎಂದು ಹೇಳುವ ಆ ದಲಿತ ತಂದೆ-ಮಗನ ಕಥೆ ಒಂದು ಮುಸ್ಲಿಂ ವಿದ್ಯಾಸಂಸ್ಥೆಯ ಪತ್ರಿಕೆಯಲ್ಲಿ ಹುಟ್ಟಿತೆಂಬುದು ಹೆಮ್ಮೆಯ ಸಂಗತಿ. ಹಾಗೆಂದು ಅಂದಿನ ಜಾಮಿಯಾದಲ್ಲಿ ಎಲ್ಲವೂ ಸರಿಯಿತ್ತೆಂದು ಹೇಳಲಾರೆ. ಅದನ್ನು ನಡೆಸಿದವರು ಬಹುಪಾಲು ಶರೀಫ್ ಮನೆತನದವರು, ಗಂಡಸರು. ಹಿಂದೂ ವಿದ್ಯಾರ್ಥಿಗಳೂ ಕಡಿಮೆ ಇದ್ದರು.

ಗಂಡಸರ ಈ ಲೋಕಕ್ಕೆ 1933ರ ಸುಮಾರಿಗೆ ಗರ್ಡಾ ಬಂದರು. ಬರ್ಲಿನ್ನಿನಲ್ಲಿ ಮೂವರು ಗೆಳೆಯರ ಪರಿಚಯವಾದಾಗಲೇ ಜಾಮಿಯಾದ ಕನಸು ಆಕೆಗೂ ಅಂಟಿಕೊಂಡಿತ್ತು. ಅದೇ 1933ರ ಜನವರಿಯಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಜಾಮಿಯಾದಲ್ಲಿ ಆಕೆ ಚಿಕ್ಕ ಮಕ್ಕಳನ್ನು, ಅವರ ಹಾಸ್ಟೆಲನ್ನು ನೋಡಿಕೊಂಡರು. ಮನೆ ಬಿಟ್ಟು ಬಂದ ಪುಟ್ಟ ಹುಡುಗರಿಗೆ ಸ್ನಾನ, ಊಟ, ಆಟ, ಕಾಯಿಲೆ ಎಲ್ಲಕ್ಕೂ ಆಕೆಯೇ. ಹುಡುಗರಿಂದ ಹಿಡಿದು ಪ್ರೊಫೆಸರುಗಳವರೆಗೆ ಎಲ್ಲರೂ ಆಕೆಯನ್ನು ಆಪಾಜಾನ್ ಎಂದರು. ಗರ್ಡಾ ಎಂಬ ಹೆಸರನ್ನು ಮಾತ್ರ ಯಾರೂ ಬದಲಾಯಿಸಲಿಲ್ಲ.

ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಆಕೆ ಜರ್ಮನ್ ಪ್ರಜೆ, ಅಂದರೆ ಶತ್ರು. ಹಿಟ್ಲರನ ನೆರಳಿನಿಂದ ದೂರವಿದ್ದ ಯಹೂದಿ ಹೆಣ್ಣುಮಗಳನ್ನು ಹಿಟ್ಲರನ ದೇಶದವಳೆಂದು ಬಂಧಿಸಿಟ್ಟರು. ಕಾಗದದ ಗುರುತಷ್ಟೇ ನೋಡುವ ಆಡಳಿತಕ್ಕೆ ಇಂಥ ಹಾಸ್ಯ ಮಾಡುವುದು ಹೊಸದಲ್ಲ. ಬಿಡುಗಡೆಯಾಗಿ ಮತ್ತೆ ಓಖ್ಲಾಕ್ಕೇ ಬಂದರು, ಆದರೆ ಕ್ಯಾನ್ಸರ್ ದೇಹ ಹಿಡಿದಿತ್ತು. 1943ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಜಾಮಿಯಾದಲ್ಲಿ ಕೆಲಸ ಮಾಡುವ ತಾಯಂದಿರು ತಮ್ಮ ಕೂಸುಗಳನ್ನು ಬಿಡುವ ಶಿಶುಪಾಲನಾ ಕೇಂದ್ರಕ್ಕೆ ಆಕೆಯ ಹೆಸರನ್ನೇ ಇಟ್ಟಿದ್ದಾರೆ.

1946ರ ನವೆಂಬರಿನಲ್ಲಿ ಜಾಮಿಯಾದ ಬೆಳ್ಳಿಹಬ್ಬ. ಆ ಆಗಸ್ಟಿನಲ್ಲಿ ಕಲ್ಕತ್ತಾ ಉರಿದಿತ್ತು, ನಂತರ ನವಾಖಾಲಿ, ನಂತರ ಬಿಹಾರ. ದೇಶದ ನಾಯಕರು ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದ ಆ ದಿನಗಳಲ್ಲಿ ಜಾಕಿರ್ ಹುಸೇನ್ ಒಂದೇ ವೇದಿಕೆಯ ಮೇಲೆ ಜಿನ್ನಾ, ಲಿಯಾಕತ್ ಅಲಿ, ನೆಹರು, ಮೌಲಾನಾ ಆಜಾದ್, ರಾಜಾಜಿಯವರನ್ನು ಕೂರಿಸಿದರು. ಅವರನ್ನುದ್ದೇಶಿಸಿ ಮಾತಾಡುತ್ತಾ, ಈ ಬೆಂಕಿ ಹಚ್ಚಿದ್ದು ಯಾರೆಂದು ಹುಡುಕಲು ಈಗ ಹೊತ್ತಿಲ್ಲ, ಮೊದಲು ಆರಿಸಿ ಎಂದು ಬೇಡಿಕೊಂಡರು. ಕೇಳಿದವರು ಕಣ್ಣೊರೆಸಿಕೊಂಡರಂತೆ. ಬೆಂಕಿ ಆರಲಿಲ್ಲ.

1947ರ ಆಗಸ್ಟಿನಲ್ಲಿ ಕಾಶ್ಮೀರದ ಕಡೆ ರೈಲಿನಲ್ಲಿ ಹೊರಟಿದ್ದ ಜಾಕಿರ್ ಹುಸೇನರನ್ನು ಜಲಂಧರ್ ನಿಲ್ದಾಣದಲ್ಲಿ ಗುಂಪೊಂದು ಹಿಡಿಯಿತು. ಗೋಡೆಗೆ ನಿಲ್ಲಿಸಿ ಕೊಲ್ಲುವುದಷ್ಟೇ ಬಾಕಿ. ಉಳಿಸಿದವರು ಒಬ್ಬ ಸಿಖ್ ಕ್ಯಾಪ್ಟನ್, ಒಬ್ಬ ಹಿಂದೂ ರೈಲ್ವೆ ಅಧಿಕಾರಿ. ಸೆಪ್ಟೆಂಬರಿನಲ್ಲಿ ದೆಹಲಿಗೇ ಕಿಚ್ಚು ಹತ್ತಿತು. ಕರೋಲ್ ಬಾಗ್‌ನಲ್ಲಿದ್ದ ಜಾಮಿಯಾದ ಆಸ್ತಿ, ಅದರ ಪ್ರಕಾಶನ 'ಮಕ್ತಬಾ'ದ ಪುಸ್ತಕಗಳು ಲೂಟಿಗೆ, ಬೆಂಕಿಗೆ ಹೋದವು. ಓಖ್ಲಾದ ಸುತ್ತಲಿನ ಹಳ್ಳಿಗಳು ರಾತ್ರಿ ಉರಿಯುವುದು ಕ್ಯಾಂಪಸ್ಸಿಗೆ ಕಾಣುತ್ತಿತ್ತು. ಕಲ್ಕತ್ತಾದಿಂದ ದೆಹಲಿಗೆ ಬಂದ ಗಾಂಧೀಜಿ ಮೊದಲ ದಿನಗಳಲ್ಲೇ ಓಖ್ಲಾಕ್ಕೆ ಹೋಗಿ ಜಾಮಿಯಾದವರನ್ನೂ ಅಲ್ಲಿ ಆಶ್ರಯ ಪಡೆದವರನ್ನೂ ಕಂಡರು. ಜಾಮಿಯಾದ ಅಧ್ಯಾಪಕರು, ವಿದ್ಯಾರ್ಥಿಗಳು ಪುರಾನಾ ಕಿಲಾ ಮತ್ತು ಹುಮಾಯೂನ್ ಸಮಾಧಿಯಲ್ಲಿ ಬಂದು ಬಿದ್ದಿದ್ದ ನಿರಾಶ್ರಿತರ ಸೇವೆಗೆ ಹೋದರು. ಪಾಕಿಸ್ತಾನಕ್ಕೆ ಹೋಗಲು ಅವರಲ್ಲಿ ಯಾರಿಗೂ ಅಡ್ಡಿಯಿರಲಿಲ್ಲ. ಜಾಕಿರ್ ಹುಸೇನ್, ಮುಜೀಬ್, ಆಬಿದ್ ಹುಸೇನ್ ಮೂವರೂ ಇಲ್ಲೇ ಉಳಿದರು.

ಈ ಚರಿತ್ರೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ಓದಲು ಚೆನ್ನಾಗಿರುತ್ತಿತ್ತು. ಆದರೆ ನಮಗೆ ನಾಚಿಕೆ ತರುವ ಪುಟವೂ ಇದೆ, ಅದನ್ನು ಮಗುಚಿ ಹೋಗುವುದು ಸರಿಯಲ್ಲ. 1992ರಲ್ಲಿ ಇತಿಹಾಸಕಾರ ಮುಶೀರುಲ್ ಹಸನ್ ಜಾಮಿಯಾದ ಸಹ-ಕುಲಪತಿಯಾಗಿದ್ದರು. ಒಂದು ಸಂದರ್ಶನದಲ್ಲಿ ಅವರು ಸಲ್ಮಾನ್ ರಶ್ದಿಯ ಕಾದಂಬರಿಯ ಮೇಲಿನ ನಿಷೇಧ ತೆಗೆಯಬೇಕೆಂದರು. ಪುಸ್ತಕವನ್ನು ಅವರು ಹೊಗಳಿರಲಿಲ್ಲ, ನಿಷೇಧದಿಂದ ಪ್ರಯೋಜನವಿಲ್ಲ ಎಂದಿದ್ದರು. ವಿದ್ಯಾರ್ಥಿಗಳು ರೊಚ್ಚಿಗೆದ್ದರು. ಮುಷ್ಕರ, ಘೋಷಣೆ, ರಾಜೀನಾಮೆಗೆ ಒತ್ತಾಯ. ತಿಂಗಳುಗಟ್ಟಲೆ ಅವರು ಕ್ಯಾಂಪಸ್ಸಿಗೆ ಕಾಲಿಡಲಾಗಲಿಲ್ಲ. ಡಿಸೆಂಬರಿನ ಆರಂಭದಲ್ಲಿ ಬಂದಾಗ ಹೊಡೆದು ಗಾಯಗೊಳಿಸಿದರು. ಎರಡು-ಮೂರು ದಿನಗಳಲ್ಲೇ ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಉರುಳಿತು. ಅಲ್ಲಿ ಆದದ್ದಕ್ಕೆ ದೇಶವಿಡೀ ಅತ್ತ ನಾವು, ಇಲ್ಲಿ ಆದದ್ದರ ಬಗ್ಗೆ ಬಹಳ ಕಾಲ ಸುಮ್ಮನಿದ್ದೆವು. ನಾನಾಗ ಹುಡುಗ. ನಮ್ಮ ಬೀದಿಯ ಚಹಾದಂಗಡಿಯಲ್ಲಿ ಹಿರಿಯರು, ಅವನಿಗೆ ಸರಿಯಾಗಿ ಆಯಿತು ಎಂದಾಡಿಕೊಂಡದ್ದು ನೆನಪಿದೆ. ಆ ಹಿರಿಯರು ಒಳ್ಳೆಯವರೇ. ನನಗೆ ಪುಸ್ತಕ ಕೊಡಿಸಿದವರು, ಫೀಸು ಕಟ್ಟಿದವರು ಅವರಲ್ಲಿದ್ದರು.

ಮುಶೀರುಲ್ ಹಸನ್ ಜಾಮಿಯಾ ಬಿಡಲಿಲ್ಲ. 2004ರಲ್ಲಿ ಅಲ್ಲಿಯೇ ಕುಲಪತಿಯಾದರು. ಪ್ರೇಮಚಂದರ ಹೆಸರಿನ ಸಾಹಿತ್ಯ ಸಂಗ್ರಹಾಲಯ, ಎಡ್ವರ್ಡ್ ಸಯೀದ್ ಹೆಸರಿನ ಸಭಾಂಗಣ ಅವರ ಕಾಲದ್ದು. 2008ರ ಸೆಪ್ಟೆಂಬರ್ 19ರಂದು ಜಾಮಿಯಾದ ಪಕ್ಕದ ಬಾಟ್ಲಾ ಹೌಸಿನಲ್ಲಿ ಪೊಲೀಸ್ ಎನ್‌ಕೌಂಟರ್ ನಡೆಯಿತು. ಬಂಧಿತರಲ್ಲಿ ಇಬ್ಬರು ಜಾಮಿಯಾದ ವಿದ್ಯಾರ್ಥಿಗಳು. ಟಿ.ವಿ.ಗಳು ಇಡೀ ವಿಶ್ವವಿದ್ಯಾಲಯವನ್ನೇ ಕಟಕಟೆಯಲ್ಲಿ ನಿಲ್ಲಿಸಿದವು. ಬಾಡಿಗೆ ಮನೆಯವರು ಹುಡುಗರನ್ನು ಖಾಲಿ ಮಾಡಿಸತೊಡಗಿದರು. ಆಗ ಕುಲಪತಿಗಳು, ಅಪರಾಧ ಸಾಬೀತಾಗುವ ತನಕ ಅವರು ನಮ್ಮ ವಿದ್ಯಾರ್ಥಿಗಳು, ಅವರಿಗೆ ವಕೀಲರ ನೆರವನ್ನು ವಿಶ್ವವಿದ್ಯಾಲಯ ಕೊಡುತ್ತದೆ ಎಂದು ಬಹಿರಂಗವಾಗಿ ಹೇಳಿದರು. ಎಲ್ಲ ಕಡೆಯಿಂದ ಬೈಗುಳ ಬಂತು. ಅವರು ಹೆದರಿದ ಹುಡುಗರನ್ನು ಸೇರಿಸಿ, ಶಾಂತವಾಗಿರಿ ಎಂದು ಹೇಳಿ, ಅವರ ಮುಂದೆ ತಾವೇ ಮೆರವಣಿಗೆಯಲ್ಲಿ ನಡೆದರು. ಹದಿನಾರು ವರ್ಷದ ಹಿಂದೆ ಅದೇ ಕ್ಯಾಂಪಸ್ಸಿನಲ್ಲಿ ಏಟು ತಿಂದವರು.

ಆ ಕ್ಯಾಂಪಸ್ಸು ಅನಂತರವೂ ಸುಖ ಕಂಡಿಲ್ಲ. 2019ರ ಡಿಸೆಂಬರ್ 15ರ ರಾತ್ರಿ ಪೊಲೀಸರು ಅದರ ಗ್ರಂಥಾಲಯಕ್ಕೆ ನುಗ್ಗಿ ಹೊಡೆದದ್ದನ್ನು ದೇಶವೇ ನೋಡಿದೆ.

ಮುಶೀರುಲ್ ಹಸನ್ 2018ರ ಡಿಸೆಂಬರ್ 10ರಂದು ತೀರಿಕೊಂಡರು. ಅವರ ಕಬರ್ ಕೂಡ ಅದೇ ಕಬರಸ್ತಾನದಲ್ಲಿದೆ. ನಾನು ಹೋದ ದಿನ ಒಬ್ಬ ಮುದುಕ ಒಣಗಿದ ಎಲೆ ಗುಡಿಸುತ್ತಿದ್ದ. ಜರ್ಮನ್ ಆಪಾಳ ಕಬರ್ ಯಾವುದು ಎಂದು ಗೆಳೆಯ ಕೇಳಿದಾಗ, "ಆಪಾಜಾನಾ?" ಎಂದು ಕೇಳಿ, ಪೊರಕೆಯಲ್ಲೇ ಆ ಕಡೆ ತೋರಿಸಿದ. ಮತ್ತೆ ಬಗ್ಗಿ ಎಲೆ ಗುಡಿಸತೊಡಗಿದ.